ಪೆಟ್ಟಿಗೆ ಮೇಲಿನ ಲೀಟರ್ ನಂಬಬೇಡಿ: ಮನೆಯ ಹವಳದ ತೊಟ್ಟಿಗೆ ಫಿಲ್ಟರ್ ಆರಿಸುವ ಬಗ್ಗೆ

ನೊರೆ ಎಬ್ಬಿಸಿ ನೀರಿನ ಕೊಳೆ ತೆಗೆಯುವ ಫಿಲ್ಟರಿಗೆ ಸ್ಕಿಮ್ಮರ್ ಅನ್ನುತ್ತಾರೆ. ನನ್ನ ಮೊದಲ ಸ್ಕಿಮ್ಮರ್‌ನ ಪೆಟ್ಟಿಗೆ ಮೇಲೆ '600 ಲೀಟರ್‌ವರೆಗೆ' ಅಂತ ದಪ್ಪಕ್ಷರದಲ್ಲಿ ಬರೆದಿತ್ತು. ನನ್ನ ತೊಟ್ಟಿ 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರ. ಲೆಕ್ಕಕ್ಕೆ ಸುಮಾರು 190 ಲೀಟರ್. ಕಲ್ಲು, ಮರಳು ಹಾಕಿದ ಮೇಲೆ 150 ಲೀಟರ್ ನೀರು ಹಿಡಿದರೆ ಹೆಚ್ಚು. ದೊಡ್ಡದಿದ್ದರೆ ಒಳ್ಳೆಯದೇ ಅಲ್ವಾ ಅಂದುಕೊಂಡು ತಂದುಬಿಟ್ಟೆ. ಮೂರು ತಿಂಗಳು ಅದರ ನೊರೆ ಸೇರುವ ಕಪ್ ಒಣಗಿಯೇ ಇತ್ತು. ಆಮೇಲೆ ಒಂದು ದಿನ ಕರೆಂಟ್ ಹೋಗಿ ಬಂದಾಗ ಹಾಲು ಉಕ್ಕಿದ ಹಾಗೆ ಉಕ್ಕಿ, ಹಾಲ್ ತುಂಬ ಉಪ್ಪುನೀರು. ಕುಂದಾಪುರದಿಂದ ಬಂದಿದ್ದ ಅಮ್ಮ ಒರೆಸುವ ಬಟ್ಟೆ ಕೊಡುತ್ತಾ, "ಎಂಥ ಮಾರಾಯ್ತಿ ಇದು, ಮೀನು ಎರಡು, ಯಂತ್ರ ಐದು!" ಅಂದರು.

ಅಮ್ಮ ಹೇಳಿದ್ದರಲ್ಲೇ ಉತ್ತರ ಇತ್ತು. ಎರಡು ಮೀನಿನ ಕೊಳೆಗೆ ಅಷ್ಟು ದೊಡ್ಡ ಯಂತ್ರದಲ್ಲಿ ನೊರೆ ನಿಲ್ಲುವುದೇ ಇಲ್ಲ. ಫಿಲ್ಟರ್ ಆರಿಸುವಾಗ ತೊಟ್ಟಿಯ ಲೀಟರ್‌ಗಿಂತ ಮೊದಲು ಎರಡು ಪ್ರಶ್ನೆ ಕೇಳಿಕೊಳ್ಳಿ. ದಿನಕ್ಕೆ ಎಷ್ಟು ಆಹಾರ ಹಾಕುತ್ತೀರಿ? ವಾರಕ್ಕೆ ಎಷ್ಟು ಸಲ ಕೈ ಒದ್ದೆ ಮಾಡಿಕೊಳ್ಳಲು ತಯಾರಿದ್ದೀರಿ? ಎರಡನೆಯದಕ್ಕೆ ನಿಜ ಹೇಳಿ. ಅಂಗಡಿಯವನಿಗೆ ಬೇಡ, ನಿಮಗೇ ಹೇಳಿಕೊಂಡರೆ ಸಾಕು.

ಯಂತ್ರಕ್ಕಿಂತ ಮೊದಲು ನೀರು. ಅಡುಗೆಮನೆಯ ಆರ್‌ಓ ಇದೆಯಲ್ಲ, ಅದೇ ಸಾಕು ಅಂತ ನಾನೂ ಶುರು ಮಾಡಿದ್ದೆ. ಕುಡಿಯುವ ನೀರಿನ ಎಷ್ಟೋ ಯಂತ್ರಗಳಲ್ಲಿ ರುಚಿಗೆ ಅಂತ ಒಂದಷ್ಟು ಲವಣ ಉಳಿಸುವ ಅಥವಾ ವಾಪಸ್ ಬೆರೆಸುವ ವ್ಯವಸ್ಥೆ ಇರುತ್ತದೆ. ನಮ್ಮ ಬೋರ್‌ವೆಲ್ ನೀರಿನ ಟಿಡಿಎಸ್, ಅಂದರೆ ಕರಗಿದ ಲವಣದ ಅಳತೆ, 640 ಇತ್ತು, ಅಡುಗೆಮನೆ ಆರ್‌ಓ ಕೊಟ್ಟಿದ್ದು 70. ನಮಗೆ ಕುಡಿಯಲು ಅದು ಚೆನ್ನ. ತೊಟ್ಟಿಯಲ್ಲಿ ಮಾತ್ರ ಗಾಜು, ಕಲ್ಲು, ಮರಳು ಎಲ್ಲ ಕಂದು ಪಾಚಿ. ತೊಟ್ಟಿಗೆ ಬೇಕಾದದ್ದು ಆರ್‌ಓ ಆದ ಮೇಲೆ ಡಿಐ ರೆಸಿನ್ (ಉಳಿದ ಲವಣವನ್ನೂ ಹಿಡಿದಿಡುವ ಸಣ್ಣ ಮಣಿಗಳು) ಹಾದು ಬಂದ, ಮೀಟರ್‌ನಲ್ಲಿ 0 ತೋರಿಸುವ ನೀರು. ಬಣ್ಣ ಬದಲಾಯಿಸುವ ರೆಸಿನ್ ತಗೊಳ್ಳಿ, ಮುಗಿದದ್ದು ಕಣ್ಣಿಗೇ ಕಾಣುತ್ತದೆ. ಒಂದು ಟಿಡಿಎಸ್ ಮೀಟರೂ ಇರಲಿ. ಆವಿಯಾದ ನೀರಿನ ಜಾಗಕ್ಕೆ ಈ ಸಿಹಿನೀರನ್ನೇ ಸುರಿಯಬೇಕು, ಉಪ್ಪುನೀರನ್ನಲ್ಲ. ಉಪ್ಪು ಆವಿಯಾಗುವುದಿಲ್ಲವಲ್ಲ.

ಎರಡನೆಯದು ಕಲ್ಲು. ನಿಜವಾದ ಫಿಲ್ಟರ್ ಇದೇ. ಮೀನಿನ ಹಿಕ್ಕೆ, ಉಳಿದ ಆಹಾರ ಕೊಳೆತು ಅಮೋನಿಯ ಆಗುತ್ತದೆ. ಕಲ್ಲಿನ ತೂತುಗಳಲ್ಲಿ ಮನೆ ಮಾಡಿದ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಹೊರದೇಶದ ವೀಡಿಯೊ ನೋಡಿ ಕಡಲಿನ 'ಲೈವ್ ರಾಕ್' (ಜೀವಿಗಳು ಮನೆ ಮಾಡಿದ ಹವಳದ ಕಲ್ಲು) ಹುಡುಕಲು ಹೋಗಬೇಡಿ. ಕಲ್ಲು ಕಟ್ಟುವ ಹವಳಗಳೆಲ್ಲ ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಷೆಡ್ಯೂಲ್‌ನಲ್ಲಿವೆ, ಹುಲಿಯ ಜೊತೆಗೇ. ಮುರ್ಡೇಶ್ವರದಿಂದ ದೋಣಿಯಲ್ಲಿ ನೇತ್ರಾಣಿಗೆ ಹೋಗಿ, ಮುಳುಗಿ ನೋಡಿ ಬನ್ನಿ. ಒಂದು ಚೂರೂ ಎತ್ತಿಕೊಂಡು ಬರಬೇಡಿ. ತೊಟ್ಟಿಗೆ ಮನುಷ್ಯರೇ ಮಾಡಿದ, ತೂತು ಜಾಸ್ತಿ ಇರುವ ಒಣ ಕಲ್ಲು ಸಿಗುತ್ತದೆ. ಅದು ಹದಕ್ಕೆ ಬರಲು ತಿಂಗಳುಗಟ್ಟಲೆ ಬೇಕು. ಮೀನು ಬಿಡುವ ಮುಂಚೆ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆಗೆ ಬರಲು ನನಗೆ ಆರು ವಾರ ಹಿಡಿಯಿತು.

ನಮ್ಮ ಭಾವನ ಗಿಡದ ತೊಟ್ಟಿಯಲ್ಲಿ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ, ಸ್ಪಂಜು ತುಂಬಿದ ಮುಚ್ಚಿದ ಡಬ್ಬಿ) ಚೆನ್ನಾಗಿ ನಡೆಯುತ್ತಿತ್ತು. ಅದನ್ನೇ ಎರವಲು ತಂದು ನನ್ನದಕ್ಕೂ ಹಾಕಿದ್ದೆ. ಆರು ವಾರ ಬಿಟ್ಟು ಮುಚ್ಚಳ ತೆಗೆದರೆ ಸ್ಪಂಜಿನ ತುಂಬ ಕಪ್ಪು ಕೆಸರು. ಕೊಳೆ ಕಣ್ಣಿಗೆ ಕಾಣದ ಜಾಗಕ್ಕೆ ಹೋಯಿತೇ ಹೊರತು ನೀರಿನಿಂದ ಹೊರಗೆ ಹೋಗಲಿಲ್ಲ. ವಾರವಾರ ಬಿಚ್ಚಿ ತೊಳೆಯುವವರಾದರೆ ಇಟ್ಟುಕೊಳ್ಳಿ. ನಾನಂತೂ ಅಲ್ಲ.

ಅದಕ್ಕೇ ಸ್ಕಿಮ್ಮರ್. ಬೇಳೆ ಬೇಯುವಾಗ ಮೇಲೆ ಬಂದ ನೊರೆಯನ್ನು ಸೌಟಿನಲ್ಲಿ ತೆಗೆದು ಚೆಲ್ಲುತ್ತೇವಲ್ಲ, ಅದೇ ಕೆಲಸ. ಮಳೆಗಾಲದಲ್ಲಿ ಮರವಂತೆಯ ದಡಕ್ಕೆ ಹಳದಿ ನೊರೆ ಬಂದು ಬೀಳುವುದನ್ನು ನೋಡಿದ್ದರೆ ಇನ್ನೂ ಸುಲಭವಾಗಿ ಅರ್ಥವಾಗುತ್ತದೆ. ಸಣ್ಣ ಗುಳ್ಳೆಗಳಿಗೆ ನೀರಿನಲ್ಲಿ ಕರಗಿದ ಪ್ರೋಟೀನು, ಜಿಡ್ಡು ಅಂಟಿಕೊಂಡು ಮೇಲೇರಿ ಕಪ್ಪಿನಲ್ಲಿ ಬೀಳುತ್ತದೆ. ಕೊಳೆತು ಅಮೋನಿಯ ಆಗುವ ಮೊದಲೇ ಕೊಳೆ ಹೊರಗೆ ಹೋಗುತ್ತದೆ. ಬೇರೆ ಯಾವ ಫಿಲ್ಟರೂ ಇದನ್ನು ಇಷ್ಟು ಚೆನ್ನಾಗಿ ಮಾಡುವುದಿಲ್ಲ.

ಎಷ್ಟು ದೊಡ್ಡದು ಬೇಕು? ಮೀನು ಕಡಿಮೆ ಇದ್ದರೆ ನಿಮ್ಮ ಒಟ್ಟು ನೀರಿನಷ್ಟೇ, ಇಲ್ಲ ಸ್ವಲ್ಪ ಮೇಲಿನ ಅಂಕಿ ಇರುವುದು ಸಾಕು. ದಿನಕ್ಕೆ ಮೂರು ಸಲ ಆಹಾರ ಹಾಕುವವರಾದರೆ ಒಂದೂವರೆಯಿಂದ ಎರಡು ಪಟ್ಟು. ನನ್ನಲ್ಲಿ ಈಗ ಐದು ಸಣ್ಣ ಮೀನು, 250 ಲೀಟರ್ ಅಂತ ಬರೆದ ಸ್ಕಿಮ್ಮರ್. ಎರಡು ಮೂರು ದಿನಕ್ಕೊಮ್ಮೆ ಕಪ್ ತುಂಬುತ್ತದೆ.

ಅಂಗಡಿಗೆ ಹೋಗುವಾಗ ಟೇಪು ಹಿಡಿದುಕೊಂಡು ಹೋಗಿ, ತಮಾಷೆಯಲ್ಲ. ಪ್ರತಿ ಸ್ಕಿಮ್ಮರ್‌ಗೂ ಇಂತಿಷ್ಟೇ ಆಳದ ನೀರಿನಲ್ಲಿ ನಿಲ್ಲಬೇಕು ಅಂತ ಇರುತ್ತದೆ, ನನ್ನದಕ್ಕೆ 18ರಿಂದ 20 ಸೆಂಟಿಮೀಟರ್. ನಿಮ್ಮ ಸಂಪ್‌ನಲ್ಲಿ ಆ ಆಳ ಬರುತ್ತದಾ ನೋಡಿ. ಸಂಪ್ ಅಂದರೆ ಮನೆ ಮುಂದಿನ ಕಾವೇರಿ ನೀರಿನ ಸಂಪಲ್ಲ. ತೊಟ್ಟಿಯ ಕೆಳಗೆ, ಸ್ಟ್ಯಾಂಡಿನೊಳಗೆ ಇಡುವ ಎರಡನೇ ಗಾಜಿನ ತೊಟ್ಟಿ. ಸ್ಕಿಮ್ಮರ್ ಇಟ್ಟ ಮೇಲೆ ಕಪ್ ಮೇಲಕ್ಕೆ ಎತ್ತಿ ತೆಗೆಯಲು ಜಾಗ ಉಳಿಯುತ್ತದಾ? ನನ್ನ ಹಳೆಯದರಲ್ಲಿ ಸ್ಟ್ಯಾಂಡಿನ ಅಡ್ಡಪಟ್ಟಿ ತಾಗುತ್ತಿತ್ತು, ಪ್ರತಿ ಸಲವೂ ಇಡೀ ಸ್ಕಿಮ್ಮರನ್ನೇ ಓರೆ ಮಾಡಬೇಕಿತ್ತು. ಪಂಪಿನೊಳಗೆ ತಿರುಗಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ಬಿಡಿಯಾಗಿ ಸಿಗುತ್ತದಾ ಅಂತಲೂ ಕೇಳಿ. ಸಿಗದಿದ್ದರೆ ಒಂದು ಸಣ್ಣ ಪ್ಲಾಸ್ಟಿಕ್ ತುಂಡಿಗಾಗಿ ಪೂರ್ತಿ ಯಂತ್ರವನ್ನೇ ಎಸೆಯಬೇಕಾಗುತ್ತದೆ.

ಸಂಪ್‌ಗೆ ನೀರು ಇಳಿಯುವಲ್ಲಿ 200 ಮೈಕ್ರಾನ್‌ನ ಬಟ್ಟೆ ಚೀಲ ಹಾಕುತ್ತೇವೆ. ಫಿಲ್ಟರ್ ಸಾಕ್ ಅಂತ ಕೇಳಿದರೆ ಕೊಡುತ್ತಾರೆ. ಕಾಫಿ ಸೋಸುವ ಬಟ್ಟೆ ಇದ್ದ ಹಾಗೆ, ಸೋಸಿದ್ದನ್ನು ಬೇಗ ಚೆಲ್ಲಿದರೆ ಮಾತ್ರ ಪ್ರಯೋಜನ. ನಾನು ಬುಧವಾರ, ಭಾನುವಾರ ಬದಲಾಯಿಸುತ್ತೇನೆ. ಒಳಹೊರಗು ಮಾಡಿ ಜೋರು ನಲ್ಲಿಗೆ ಹಿಡಿಯುವುದು, ಬಿಸಿಲಿಗೆ ಹಾಕುವುದು. ಸೋಪಿನ ಪುಡಿ ಬೇಡ. ಒಮ್ಮೆ ಹತ್ತು ದಿನ ಊರಿಗೆ ಹೋಗಿದ್ದೆ. ಸಾಕ್ ಕಟ್ಟಿಕೊಂಡು ನೀರು ಅದರ ಮೇಲಿಂದಲೇ ಹರಿಯುತ್ತಿತ್ತು, ಒಳಗಿದ್ದದ್ದೆಲ್ಲ ಕೊಳೆತಿತ್ತು. ಈಗ ಊರಿಗೆ ಹೊರಟರೆ ಸಾಕ್ ತೆಗೆದಿಟ್ಟೇ ಹೋಗುತ್ತೇನೆ. ಸಾಕ್ ಬದಲಿಗೆ ಸೋಸುವ ಬಟ್ಟೆ ತಾನಾಗಿ ಸುತ್ತಿಕೊಳ್ಳುವ ರೋಲರ್ ಬಂದಿದೆ, ಒಳ್ಳೆಯದೇ, ಆದರೆ ರೋಲು ಮುಗಿದಾಗಲೆಲ್ಲ ಖರ್ಚು.

ಇನ್ನು ಇಂಗಾಲ. ಕಾನೂನಿನ ಕಾರಣಕ್ಕೆ ನಾನು ಇಟ್ಟುಕೊಂಡಿರುವುದೆಲ್ಲ ಮೆತ್ತನೆಯ ಹವಳದ ಜಾತಿ: ಲೆದರ್, ಮಶ್ರೂಮ್, ಜೊವಾಂಥಿಡ್. ಇವು ನೋಡಲು ಸಾಧು. ಲೆದರ್ ಮಾತ್ರ ಜಾಗಕ್ಕಾಗಿ ಪಕ್ಕದವರ ಮೇಲೆ ನೀರಿನಲ್ಲೇ ರಾಸಾಯನಿಕ ಬಿಟ್ಟು ಜಗಳ ಆಡುತ್ತದೆ. ನನ್ನ ಜೊವಾಂಥಿಡ್‌ಗಳು ಎರಡು ವಾರ ಮುಚ್ಚಿಕೊಂಡೇ ಇದ್ದವು. ಸಣ್ಣ ಚೀಲದಲ್ಲಿ ಆಕ್ಟಿವೇಟೆಡ್ ಕಾರ್ಬನ್ ಹಾಕಿ ಸಂಪ್‌ನಲ್ಲಿ ನೀರು ಹರಿಯುವ ಕಡೆ ಇಟ್ಟೆ, ನಾಲ್ಕನೇ ದಿನ ಅರಳಿದವು. ಪುಡಿ ಹೋಗುವ ತನಕ ತೊಳೆದು ಹಾಕಿ, ತಿಂಗಳಿಗೊಮ್ಮೆ ಬದಲಾಯಿಸಿ.

ಫಾಸ್ಫೇಟ್ ಹೀರುವ ಜಿಎಫ್‌ಓ ಪರೀಕ್ಷೆ ಮಾಡದೆ ಸುಮ್ನೆ ಹಾಕಬೇಡಿ. ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆಯಾದರೆ ಹವಳ ಸೊರಗುತ್ತದೆ, ಲೋಳೆಯಂಥ ಡೈನೊ (ಡೈನೊಫ್ಲಾಜೆಲೇಟ್ ಅನ್ನುವ ಸೂಕ್ಷ್ಮಜೀವಿ) ಬಂದು ಕೂರುವುದೂ ಉಂಟು. ನಾನು ನೈಟ್ರೇಟ್ 5ರಿಂದ 10 ಪಿಪಿಎಂ, ಫಾಸ್ಫೇಟ್ 0.05 ಪಿಪಿಎಂ ಆಸುಪಾಸು ಇಟ್ಟುಕೊಳ್ಳುತ್ತೇನೆ. ಸಂಪ್‌ನಲ್ಲಿ ಜಾಗ ಇದ್ದರೆ ಕೀಟೊ ಪಾಚಿಯ ಒಂದು ಉಂಡೆ ಬಿಟ್ಟು ರಾತ್ರಿ ಹೊತ್ತು ಅದಕ್ಕೊಂದು ದೀಪ ಹಾಕಿ. ಅದೇ ಇವೆರಡನ್ನೂ ತಿಂದು ಬೆಳೆಯುತ್ತದೆ, ರಾತ್ರಿ ಪಿಎಚ್ ಇಳಿಯುವುದನ್ನೂ ತಡೆಯುತ್ತದೆ. ನೀರಿನ ಸೂಕ್ಷ್ಮಾಣು ಕೊಲ್ಲುವ ಯುವಿ ದೀಪ, ಓಜೋನ್ ಯಂತ್ರ ಮೊದಲ ವರ್ಷ ಬೇಕಿಲ್ಲ. ವಾರಕ್ಕೆ ಹತ್ತನೇ ಒಂದು ಭಾಗ ನೀರು ಬದಲಾಯಿಸುವುದು ಅವೆರಡಕ್ಕಿಂತ ಅಗ್ಗ.

ನೀರನ್ನು ವಾಪಸ್ ಮೇಲೆತ್ತುವ ಪಂಪ್ ಗಂಟೆಗೆ ತೊಟ್ಟಿಯ ನಾಲ್ಕೈದು ಪಟ್ಟು ಹರಿಸಿದರೆ ಸಾಕು. ಪೆಟ್ಟಿಗೆ ಮೇಲಿನ ಅಂಕಿ ಎತ್ತರವೇ ಇಲ್ಲದಾಗಿನದು. ನನ್ನ 2000 ಲೀಟರ್ ಪಂಪ್ ನಾಲ್ಕಡಿ ಏರಿಸುವಾಗ ಅದರ ಅರ್ಧ ಕೊಡುತ್ತದೆ.

ಈಗ ಕರೆಂಟಿನ ವಿಷಯ. ಪಂಪ್ ನಿಂತ ತಕ್ಷಣ ಮೇಲಿನ ಒಂದಷ್ಟು ನೀರು ಸಂಪ್‌ಗೆ ಇಳಿಯುತ್ತದೆ. ಅಷ್ಟು ಜಾಗ ಖಾಲಿ ಇರಲೇಬೇಕು. ಉಪ್ಪು ಹಾಕುವ ಮುಂಚೆಯೇ, ಬರೀ ಸಿಹಿನೀರಿದ್ದಾಗ ಸ್ವಿಚ್ ಆಫ್ ಮಾಡಿ ನೋಡಿ. ವಾಪಸ್ ಪಂಪಿನಿಂದ ತೊಟ್ಟಿಗೆ ನೀರು ಬೀಳುವ ಪೈಪಿಗೆ ತೊಟ್ಟಿಯ ನೀರಿನ ಮೇಲ್ಮಟ್ಟದ ಹತ್ತಿರ ಸಣ್ಣ ತೂತು ಕೊರೆದರೆ ಉಲ್ಟಾ ಎಳೆಯುವುದು ಬೇಗ ನಿಲ್ಲುತ್ತದೆ. ಕರೆಂಟ್ ಬಂದಾಗ ಸಂಪ್‌ನಲ್ಲಿ ನೀರು ಇನ್ನೂ ಎತ್ತರದಲ್ಲೇ ಇರುತ್ತದೆ, ಸ್ಕಿಮ್ಮರ್ ಆಗಲೇ ಉಕ್ಕುವುದು. ನನ್ನ ಹಾಲ್ ಒದ್ದೆಯಾದದ್ದೂ ಹೀಗೇ. ಈಗ ವಾಪಸ್ ಪಂಪ್ ಮತ್ತು ಅಲೆ ಎಬ್ಬಿಸುವ ಪಂಪ್ ಇನ್ವರ್ಟರ್ ಮೇಲಿವೆ, ಮೀನಿಗೆ ಆಮ್ಲಜನಕ ಬೇಕಲ್ಲ. ಸ್ಕಿಮ್ಮರ್ ಮಾತ್ರ ಬೇರೆ ಸ್ಮಾರ್ಟ್ ಪ್ಲಗ್‌ನಲ್ಲಿದೆ, ಕರೆಂಟ್ ಬಂದು ಹತ್ತು ನಿಮಿಷ ಆದ ಮೇಲೆ ಶುರುವಾಗುತ್ತದೆ.

ಹೊಸ ಸ್ಕಿಮ್ಮರ್ ತಂದ ಮೊದಲ ವಾರ ಅದರ ಗುಬುಟು ತಿರುಗಿಸುತ್ತಾ ಕೂರಬೇಡಿ, ಹೊಂದಿಕೊಳ್ಳಲು ಅಷ್ಟು ದಿನ ಬೇಕು. ಒಗ್ಗರಣೆ ಹಾಕಿದ ಕೈಯನ್ನು ಹಾಗೇ ತೊಟ್ಟಿಗೆ ಹಾಕಿದರೆ ಎಣ್ಣೆಗೆ ನೊರೆ ಅಡಗಿ ಹೋಗುತ್ತದೆ, ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಕಪ್ಪಿನಲ್ಲಿ ಡಿಕಾಕ್ಷನ್ ಬಣ್ಣದ ನೀರು ಬಂದರೆ ಸರಿಯಾಗಿದೆ ಅಂತ ಅರ್ಥ. ಅದನ್ನು ಚೆಲ್ಲುವಾಗ ಬಾತ್‌ರೂಮಿನ ಎಗ್ಸಾಸ್ಟ್ ಫ್ಯಾನ್ ಹಾಕಿಕೊಳ್ಳಿ, ಅಡುಗೆಮನೆ ಸಿಂಕಿನಲ್ಲಂತೂ ಬೇಡವೇ ಬೇಡ.