ಬಳಸಿದ ಸಾಮಾನು ಹೊತ್ತು ಬೆಟ್ಟ ಹತ್ತುವುದು

ನನ್ನ ಚಾರಣದ ಸಾಮಾನಿನಲ್ಲಿ ಅರ್ಧಕ್ಕಿಂತ ಹೆಚ್ಚು ಇನ್ನೊಬ್ಬರು ಬಳಸಿ ಬಿಟ್ಟದ್ದು. ಬೆಂಗಳೂರಿನಂಥ ಊರಿನಲ್ಲಿ ಅದಕ್ಕೆ ಬರವಿಲ್ಲ. ಒಮ್ಮೆ ಹಿಮಾಲಯದ ಕೇದಾರಕಂಠಕ್ಕೆ ಹೋಗಿ ಬಂದು, ಬಂಧುಬಳಗಕ್ಕೆಲ್ಲ ಫೋಟೋ ತೋರಿಸಿ, ಆಮೇಲೆ ಮದುವೆ, ಮಗು, ಮನೆಸಾಲ ಎಂದು ಹಿಮದ ಕಡೆ ತಲೆ ಹಾಕದವರು ಇಲ್ಲಿ ಸಾಕಷ್ಟು ಜನರಿದ್ದಾರೆ. ಅವರ ಅಟ್ಟಗಳಲ್ಲಿ ಒಳ್ಳೊಳ್ಳೆಯ ಜಾಕೆಟ್ಟು, ಸ್ಲೀಪಿಂಗ್ ಬ್ಯಾಗು, ಬೆನ್ನಿನ ಚೀಲಗಳು ಬಿದ್ದಿರುತ್ತವೆ. ಅವರಿಗೆ ಜಾಗ ಬೇಕು, ನನಗೆ ಸಾಮಾನು ಬೇಕು. ಹೊಸದರ ಅರ್ಧ ಬೆಲೆಗೆ, ಕೆಲವೊಮ್ಮೆ ಅದಕ್ಕೂ ಕಡಿಮೆಗೆ, ವ್ಯಾಪಾರ ಕುದುರುತ್ತದೆ.

ಆದರೆ ಎಲ್ಲವನ್ನೂ ಹೀಗೆ ಕೊಳ್ಳಲಾಗದು. ಕೆಲವು ಸಾಮಾನು ಬಳಸಿದಷ್ಟೇ ಸವೆಯುತ್ತವೆ, ಸವೆದದ್ದು ಕಣ್ಣಿಗೂ ಕಾಣುತ್ತದೆ. ಇನ್ನು ಕೆಲವು ಕಪಾಟಿನಲ್ಲಿ ಕುಳಿತೇ ಮುದಿಯಾಗುತ್ತವೆ. ಹೊರಗಿನ ಹೊಳಪು ಮಾತ್ರ ಹಾಗೆಯೇ ಇರುತ್ತದೆ. ಯಾವುದು ಯಾವ ಗುಂಪಿನದ್ದು ಎಂದು ಗೊತ್ತಿದ್ದರೆ ಕಡಿಮೆ ದುಡ್ಡಿನಲ್ಲಿ ಬಹಳ ದೂರ ಹೋಗಬಹುದು.

ಬೂಟುಗಳು ಎರಡನೆಯ ಗುಂಪಿನವು. "ಒಂದೇ ಸಲ ಹಾಕಿದ್ದು ಸಾರ್, ಆರು ವರ್ಷದಿಂದ ಡಬ್ಬಿಯಲ್ಲೇ ಇದೆ" ಎಂದು ಮಾರುವವರು ಹೆಮ್ಮೆಯಿಂದ ಹೇಳುತ್ತಾರೆ. ನನಗೆ ಕಿವಿ ನೆಟ್ಟಗಾಗುವುದು ಅಲ್ಲಿಯೇ. ಅನೇಕ ಚಾರಣದ ಬೂಟುಗಳಲ್ಲಿ ರಬ್ಬರಿನ ತಳಕ್ಕೂ ಮೇಲಿನ ಚರ್ಮಕ್ಕೂ ನಡುವೆ ಪಾಲಿಯುರೆಥೇನ್ ಎಂಬ ಸ್ಪಂಜಿನ ಪದರ ಇರುತ್ತದೆ. ಗಾಳಿಯ ತೇವ ವರ್ಷಗಟ್ಟಲೆ ತಾಗಿ ಆ ಪದರ ಒಳಗೊಳಗೇ ಮುರಿಯುತ್ತದೆ. ರಸಾಯನಶಾಸ್ತ್ರದಲ್ಲಿ ಇದನ್ನು ಜಲವಿಚ್ಛೇದನೆ ಎನ್ನುತ್ತಾರೆ. ಬೂಟು ಡಬ್ಬಿಯಲ್ಲಿದ್ದರೂ ಇದು ನಿಲ್ಲುವುದಿಲ್ಲ.

ಒಮ್ಮೆ ಇಂಥದ್ದೇ ಒಂದು ಜೊತೆ ನೋಡಲು ಹೋಗಿದ್ದೆ. ಚರ್ಮ ಚೆನ್ನಾಗಿತ್ತು, ಲೇಸು ಹೊಸದು, ತಳದ ಹಲ್ಲುಗಳು ಸವೆದೇ ಇರಲಿಲ್ಲ. ನಾಲಿಗೆಯ ಒಳಗಿನ ಚೀಟಿಯಲ್ಲಿ ತಯಾರಾದ ತಿಂಗಳು, ವರ್ಷ ಅಚ್ಚಾಗಿತ್ತು. ಮಾರುವವರ ಲೆಕ್ಕಕ್ಕಿಂತ ಬೂಟಿಗೆ ಇನ್ನೂ ಹೆಚ್ಚು ವಯಸ್ಸಾಗಿತ್ತು. ಹಿಮ್ಮಡಿಯ ಪಕ್ಕದಲ್ಲಿ ಹೆಬ್ಬೆರಳಿನ ಉಗುರು ಒತ್ತಿದೆ. ಸ್ಪಂಜು ಮತ್ತೆ ಮೇಲೇಳಲಿಲ್ಲ, ಗುಳಿ ಹಾಗೇ ಉಳಿಯಿತು. ಮಾರುವವರಿಗೆ ನಂಬಿಕೆ ಬರಲಿಲ್ಲ. ಇಬ್ಬರೂ ಹತ್ತಿರದ ರಸ್ತೆಯ ತಿರುವಿನಲ್ಲಿ ಚಪ್ಪಲಿ ಹೊಲಿಯುವ ಹಿರಿಯರ ಬಳಿ ಹೋದೆವು. "ಸುತ್ತ ಒಂದು ಹೊಲಿಗೆ ಹಾಕಿದರೆ ನಿಲ್ಲುತ್ತದಾ ಯಜಮಾನರೇ?" ಎಂದು ಕೇಳಿದೆ. ಅವರು ತಳವನ್ನು ಎರಡೂ ಕೈಯಲ್ಲಿ ಹಿಡಿದು ಒಮ್ಮೆ ಬಗ್ಗಿಸಿದರು. ಹಳೆಯ ರಸ್ಕಿನಂತೆ ಪುಡಿ ಉದುರಿತು. "ಅಂಟು ಬಿಟ್ಟಿದ್ದರೆ ಹೊಲಿಯಬಹುದಿತ್ತು. ಒಳಗೆ ಮಣ್ಣಾಗಿದೆ, ದಾರ ಯಾವುದನ್ನು ಹಿಡಿಯಬೇಕು?" ಎಂದರು. ನಾನು ಓದಿಕೊಂಡದ್ದನ್ನೆಲ್ಲ ಅವರು ಎರಡು ಮಾತಿನಲ್ಲಿ ಮುಗಿಸಿದ್ದರು. ಮಾರುವವರು ಪಾಪ, ಮೋಸ ಮಾಡಲು ಬಂದವರಲ್ಲ. ಮಾರಾಟವಾಗದಿದ್ದರೆ ಅದೇ ಬೂಟಿನಲ್ಲಿ ಮುಂದಿನ ತಿಂಗಳು ಕುಮಾರಪರ್ವತಕ್ಕೆ ಹೋಗುವ ಯೋಚನೆ ಅವರಿಗೇ ಇತ್ತಂತೆ. ದಾರಿಯಲ್ಲಿ ಸಿಗುವ ಭಟ್ಟರ ಮನೆಯಿಂದ ಮೇಲಿನ ಏರಿನಲ್ಲಿ ತಳ ಕಳಚಿದ್ದರೆ ಕುಕ್ಕೆಯವರೆಗೂ ಬರಿಗಾಲೇ ಗತಿ. ಅಂದಿನಿಂದ ಬೂಟನ್ನು ಹೊಸದಾಗಿಯೇ ಕೊಳ್ಳುತ್ತೇನೆ. ಉಳಿದ ಕಡೆ ಉಳಿಸಿದ ಹಣ ಅಲ್ಲಿಗೆ ಹೋಗುತ್ತದೆ.

ಸ್ಲೀಪಿಂಗ್ ಬ್ಯಾಗು ಮೊದಲ ಗುಂಪಿಗೆ ಸೇರಿದ್ದು, ಹಳೆಯದನ್ನು ಕೊಳ್ಳಲು ಅತ್ಯಂತ ಲಾಭದ್ದು ಕೂಡ. ಬಾತುಕೋಳಿಯ ಎದೆಯ ನಯವಾದ ಪುಕ್ಕ, ಅಂದರೆ ಡೌನ್, ಸರಿಯಾಗಿ ನೋಡಿಕೊಂಡರೆ ದಶಕಗಟ್ಟಲೆ ಬಾಳುತ್ತದೆ. ನಾನು ನೋಡಲು ಹೋದಾಗ ಬ್ಯಾಗನ್ನು ಚೀಲದಿಂದ ಹೊರತೆಗೆದು ಮಂಚದ ಮೇಲೆ ಹರವಿಸುತ್ತೇನೆ. ಕಾಫಿ ಕೊಟ್ಟರೆ ಕುಡಿಯುತ್ತೇನೆ, ಕೊಡದಿದ್ದರೆ ಹರಟುತ್ತೇನೆ. ಅರ್ಧ ಗಂಟೆ ಕಳೆಯುವುದು ಮುಖ್ಯ. ಆ ಹೊತ್ತಿಗೆ ಪುಕ್ಕ ಉಬ್ಬಿ ಎದ್ದಿರಬೇಕು. ಆಮೇಲೆ ಕಿಟಕಿಯ ಬೆಳಕಿಗೆ ಹಿಡಿದರೆ ಖಾಲಿ ಬಿದ್ದ ಖಾನೆಗಳು ತಿಳಿಯಾಗಿ ಕಾಣುತ್ತವೆ. ಪುಕ್ಕ ಗಂಟುಗಂಟಾಗಿ ಒಂದು ಮೂಲೆ ಸೇರಿದ್ದರೆ ಯಾರೋ ಮಾಮೂಲಿ ಸೋಪಿನಲ್ಲಿ ಒಗೆದು ಅರೆಬರೆ ಒಣಗಿಸಿದ್ದಾರೆ ಎಂದು ತಿಳಿಯಬೇಕು. ಮೂಗು ಹಚ್ಚಿ ನೋಡುವುದಕ್ಕೂ ನಾಚಿಕೆ ಬೇಡ. ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿದದ್ದು ಒಗೆದರೂ ಪೂರ್ತಿ ಹೋಗುವುದಿಲ್ಲ.

ಮಾರುವವರು ಹೇಳುವ ಉಷ್ಣಾಂಶದ ಬಗ್ಗೆ ಒಂದು ಮಾತು. ಐಎಸ್‌ಒ 23537 ಎಂಬ ಮಾನದಂಡಕ್ಕೆ ಒಳಪಟ್ಟ ಬ್ಯಾಗುಗಳ ಚೀಟಿಯಲ್ಲಿ ಕಂಫರ್ಟ್, ಲಿಮಿಟ್, ಎಕ್ಸ್‌ಟ್ರೀಮ್ ಎಂದು ಬೇರೆ ಬೇರೆ ಅಂಕಿಗಳಿರುತ್ತವೆ. ಜಾಹೀರಾತಿನಲ್ಲಿ ಬರುವ ದೊಡ್ಡ ಮೈನಸ್ ಅಂಕಿ ಎಷ್ಟೋ ಸಲ ಕೊನೆಯದ್ದು. ಆ ಚಳಿಯಲ್ಲಿ ನಿದ್ದೆ ಬರುತ್ತದೆ ಎಂದು ಅದರರ್ಥವಲ್ಲ, ಜೀವಕ್ಕೇ ಅಪಾಯದ ಅಂಚು ಅದು. ನಾನು ಕಂಫರ್ಟ್ ಅಂಕಿಯನ್ನಷ್ಟೇ ನೋಡಿ ಬೆಲೆ ಮಾತಾಡುತ್ತೇನೆ. ಚೀಟಿಯನ್ನು ಕತ್ತರಿಸಿ ಎಸೆದಿದ್ದರೆ ಚೌಕಾಸಿಗೆ ಇನ್ನೊಂದು ಕಾರಣ ಸಿಕ್ಕಂತಾಯಿತು.

ಬೆನ್ನಿನ ಚೀಲ, ಟೆಂಟುಗಳಲ್ಲಿ ಅತಿ ಸುಲಭದ ಲಾಭ ಇರುವುದು ಜಿಪ್ಪಿನಲ್ಲಿ. "ಜಿಪ್ ಹಾಳಾಗಿದೆ" ಎಂದು ಜನ ಒಳ್ಳೆಯ ಸಾಮಾನನ್ನು ಕಾಸಿಗೆ ಕೊಡುತ್ತಾರೆ. ಬಹುತೇಕ ಹಾಳಾಗಿರುವುದು ಹಲ್ಲಲ್ಲ, ಅದರ ಮೇಲೆ ಓಡುವ ರನ್ನರ್. ಅದರ ಎರಡು ತುಟಿಗಳು ಸವೆದು ಅಗಲವಾದರೆ ಹಲ್ಲುಗಳು ಹಿಂದಿನಿಂದ ಬಿಚ್ಚಿಕೊಳ್ಳುತ್ತವೆ. ಇಕ್ಕಳದಿಂದ ಎರಡೂ ಬದಿ ಮೆಲ್ಲಗೆ ಅದುಮಿದರೆ ಕೆಲವು ತಿಂಗಳು ಓಡುತ್ತದೆ. ರನ್ನರ್ ಬದಲಿಸುವುದೇ ಕಾಯಂ ಪರಿಹಾರ. ರನ್ನರಿನ ಬೆನ್ನ ಮೇಲೆ 5, 8, 10 ಎಂಬ ಅಳತೆಯ ಸಂಖ್ಯೆ ಅಚ್ಚಾಗಿರುತ್ತದೆ. ಚಿಕ್ಕಪೇಟೆ ಕಡೆಯ ಟೈಲರಿಂಗ್ ಸಾಮಾನಿನ ಅಂಗಡಿಗೆ ಹಳೆಯದನ್ನು ಒಯ್ದು ತೋರಿಸಿದರೆ ಚಿಲ್ಲರೆ ಕಾಸಿಗೆ ಅದೇ ಅಳತೆಯದ್ದು ಕೊಡುತ್ತಾರೆ. ಟೆಂಟಿನ ಕಡ್ಡಿಯೊಳಗಿನ ಎಲಾಸ್ಟಿಕ್ ಸಡಿಲವಾಗಿದ್ದರೂ ಅಲ್ಲಿಯೇ ಮದ್ದಿದೆ. ಆದರೆ ಟೆಂಟಿನ ಬಟ್ಟೆಯ ಒಳಮೈ ಅಂಟಂಟಾಗಿ, ಹುಳಿ ವಾಸನೆ ಬರುತ್ತಿದ್ದರೆ ನಮಸ್ಕಾರ ಹೇಳಿ ಎದ್ದು ಬರುವುದೇ ಸರಿ. ಅದೂ ಬೂಟಿನ ರೋಗವೇ. ನೀರು ತಡೆಯುವ ಲೇಪನ ಕೊಳೆತಿದೆ.

ಮಳೆ ಜಾಕೆಟ್ಟಿಗೂ ಇದೇ ಮಾತು ಸಲ್ಲುತ್ತದೆ, ಹಾಗಾಗಿ ಹಳೆಯದರ ತಂಟೆಗೆ ಹೋಗುವುದಿಲ್ಲ. ಅಷ್ಟಕ್ಕೂ ಜುಲೈ ತಿಂಗಳ ಆಗುಂಬೆಯಲ್ಲಿ ಯಾವ ದುಬಾರಿ ಜಾಕೆಟ್ಟೂ ಉಸಿರಾಡುವುದಿಲ್ಲ. ಹೊರಗೆ ಮಳೆ, ಒಳಗೆ ಬೆವರು. ಅಗ್ಗದ ಪೊಂಚೊ ಮತ್ತು ಒಂದು ಗಟ್ಟಿ ಛತ್ರಿ ನನ್ನ ಆಯ್ಕೆ. ಇಂಬಳ ತಡೆಯುವ ಕಾಲುಚೀಲವನ್ನು ಒತ್ತಾದ ನೇಯ್ಗೆಯ ಹತ್ತಿ ಬಟ್ಟೆ ಕೊಟ್ಟು ಬಡಾವಣೆಯ ದರ್ಜಿಯಿಂದಲೇ ಹೊಲಿಸಿದ್ದೇನೆ.

ಬಂಡೆ ಹತ್ತುವ ಹಗ್ಗ, ಸೊಂಟಕ್ಕೆ ಕಟ್ಟುವ ಹಾರ್ನೆಸ್, ಪಟ್ಟಿಯ ಕುಣಿಕೆಯಾದ ಸ್ಲಿಂಗ್, ಹೆಲ್ಮೆಟ್ಟುಗಳನ್ನು ಆಪ್ತ ಸ್ನೇಹಿತ ಪುಕ್ಕಟೆ ಕೊಟ್ಟರೂ ಮುಟ್ಟುವುದಿಲ್ಲ. ನೈಲಾನ್ ಬಟ್ಟೆಯ ಸಾಧನಗಳಿಗೆ, ಒಮ್ಮೆಯೂ ಬಳಸದಿದ್ದರೂ, ಹೆಚ್ಚಿನ ತಯಾರಕರು 10 ವರ್ಷದ ಗಡಿ ಹಾಕುತ್ತಾರೆ. ಗಡಿಯೊಳಗೆ ಇದ್ದರೂ, ಕಾರಿನ ಡಿಕ್ಕಿಯಲ್ಲಿ ಬ್ಯಾಟರಿಯ ಆಸಿಡ್ ತಾಗಿದ್ದರೆ ಹಗ್ಗದ ಮೇಲೆ ಗುರುತೇ ಇರುವುದಿಲ್ಲ, ಬಲ ಮಾತ್ರ ಹೋಗಿರುತ್ತದೆ. ಹಗ್ಗ ಸಿಕ್ಕಿಸುವ ಲೋಹದ ಕೊಂಡಿ, ಅಂದರೆ ಕ್ಯಾರಬೀನರ್, ಬೇರೆ ಸಂಗತಿ. ಹಗ್ಗ ಉಜ್ಜಿ ಚೂಪು ಅಂಚಿನ ತೋಡು ಬಿದ್ದಿದೆಯೇ, ಬಾಗಿಲು ತಾನಾಗಿ ಟಕ್ಕೆಂದು ಮುಚ್ಚುತ್ತದೆಯೇ ಎಂದು ನೋಡಿ, ರಾಮನಗರದ ಬಂಡೆಗಳಲ್ಲಿ ಜೊತೆಗೆ ಹತ್ತಿದವರಿಂದ ಕೊಂಡಿದ್ದೇನೆ. ಹಿಮದಲ್ಲಿ ಜಾರದಂತೆ ಬೂಟಿನಡಿ ಕಟ್ಟುವ ಕ್ರ್ಯಾಂಪನ್ ಹಳೆಯದೂ ಆಗಬಹುದು. ಅದರ ಮೊಳೆಗಳನ್ನು ಕೈ ಅರದಿಂದಲೇ ಹರಿತಗೊಳಿಸಬೇಕು; ಗ್ರೈಂಡರಿಗೆ ಹಿಡಿದರೆ ಬಿಸಿಗೆ ಉಕ್ಕಿನ ಹದ ಕೆಡುತ್ತದೆ. ಅಗ್ಗಕ್ಕೆ ಸಿಗುವ ಹಿಮಕ್ಕೆ ಹಾಕುವ ಹಳೆಯ ಪ್ಲಾಸ್ಟಿಕ್ ಡಬಲ್ ಬೂಟುಗಳಿಂದ ಮಾತ್ರ ದೂರ. ವಯಸ್ಸಾದ ಪ್ಲಾಸ್ಟಿಕ್ ಚಳಿಯಲ್ಲಿ ಸೀಳಿಬಿಡುತ್ತದೆ.

ಹೊಸಬರು ಪರ್ವತಾರೋಹಣದ ಬೇಸಿಕ್ ಕೋರ್ಸಿಗೆ ಹೆಸರು ಕೊಟ್ಟ ಮರುದಿನವೇ ಹಿಮ ಕಡಿಯುವ ಐಸ್ ಆ್ಯಕ್ಸ್ ಹುಡುಕಲು ಹೊರಡುತ್ತಾರೆ. ಉತ್ತರಕಾಶಿಯ ನೆಹರೂ ಸಂಸ್ಥೆಯಾಗಲಿ, 1954ರಲ್ಲಿ ಶುರುವಾದ ಡಾರ್ಜಿಲಿಂಗಿನ ಸಂಸ್ಥೆಯಾಗಲಿ, ಹತ್ತುವ ಸಾಧನಗಳನ್ನು ತಾವೇ ಕೊಡುತ್ತವೆ. ಕೋರ್ಸು ಮುಗಿಸಿದ ಮೇಲೆ ಆಸೆ ಉಳಿದಿದ್ದರೆ ಕೊಳ್ಳಬಹುದು. ವರ್ಷಕ್ಕೊಮ್ಮೆ ಎರಡು ದಿನ ಹಿಮ ತುಳಿಯುವವರಿಗೆ ಮನಾಲಿ, ಲೇಹ್, ಸಾಂಕ್ರಿಗಳ ಬಾಡಿಗೆ ಅಂಗಡಿಗಳೇ ಸಾಕು. ಕಠ್ಮಂಡುವಿನ ತಮೇಲ್ ಪೇಟೆಯಲ್ಲಿ ದೊಡ್ಡ ಬ್ರಾಂಡುಗಳ ನಕಲು ರಾಶಿ ಬಿದ್ದಿರುತ್ತದೆ. ನಕಲಿನ ಬೆಲೆ ಕೊಟ್ಟು ನಕಲೆಂದೇ ತಿಳಿದು ತರುವುದಕ್ಕೆ ನನ್ನ ತಕರಾರಿಲ್ಲ. ಅದನ್ನು ಇಲ್ಲಿ ಅಸಲಿ ಎಂದು ಮಾರುವವರ ಮೇಲೆ ಇದೆ.

ಇನ್ನು ಮಾರುವ ಸರದಿ. ಮೇ ತಿಂಗಳ ಚಾರಣ ಮುಗಿಸಿ ಬಂದವರೆಲ್ಲ ಜೂನ್‌ನಲ್ಲಿ ಒಟ್ಟಿಗೆ ಮಾರಲು ಕೂರುತ್ತಾರೆ, ಬೆಲೆ ಬೀಳುತ್ತದೆ. ನಾನು ಆಗ ಕೊಳ್ಳುತ್ತೇನೆ. ನನ್ನದನ್ನು ನವೆಂಬರಿನಲ್ಲಿ, ಚಳಿಗಾಲದ ಚಾರಣಕ್ಕೆ ಜನ ತಯಾರಾಗುವಾಗ ಹೊರತೆಗೆಯುತ್ತೇನೆ. ಫೋಟೋ ತೆಗೆಯುವಾಗ ಮೊದಲು ಹರಿದ ಜಾಗ, ತೇಪೆ, ಕಲೆ. ಆಮೇಲೆ ಇಡೀ ಸಾಮಾನು. ಕೊಂಡ ವರ್ಷ, ಬಿಲ್ಲು, ರಿಪೇರಿಯ ವಿವರ ಬರೆದುಬಿಟ್ಟರೆ ಚೌಕಾಸಿಯ ಅರ್ಧ ಮಾತು ಉಳಿತಾಯವಾಗುತ್ತದೆ. ದೋಷ ಮೊದಲೇ ಹೇಳಿದ ಸಾಮಾನಿಗೆ ಕೇಳಿದ ಬೆಲೆ ಸಿಗುತ್ತದೆ ಎನ್ನುವುದು ನನಗೂ ಆಶ್ಚರ್ಯದ ಸಂಗತಿಯೇ.

ನೋಡದೆಯೇ ಪೂರ್ತಿ ಹಣ ಕೊಡುತ್ತೇನೆ ಎನ್ನುವವರ ಜೊತೆ ವ್ಯವಹಾರ ಬೇಡ. ದೂರದ ಊರಿನಲ್ಲಿ ಕೆಲಸ, ನಮ್ಮ ಹುಡುಗ ಬಂದು ಒಯ್ಯುತ್ತಾನೆ, ಈ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿ, ಹಣ ಬರುತ್ತದೆ ಎನ್ನುತ್ತಾರೆ. ಯುಪಿಐನಲ್ಲಿ ಪಿನ್ ಒತ್ತುವುದು ಹಣ ಕಳುಹಿಸಲು. ಪಡೆಯಲು ಅದರ ಅಗತ್ಯವೇ ಇಲ್ಲ. ನಾನು ಮೆಟ್ರೊ ನಿಲ್ದಾಣದ ಹೊರಗೆ ಹಗಲು ಹೊತ್ತಿನಲ್ಲಿ ಕರೆದು, ಬಿಚ್ಚಿ ತೋರಿಸಿ, ಹಣ ಖಾತೆಗೆ ಬಿದ್ದ ಮೇಲೆ ಕೈಗೆ ಕೊಡುತ್ತೇನೆ.

ವಯಸ್ಸಾದ ಹಗ್ಗ, ಹಾರ್ನೆಸ್‌ಗಳನ್ನು ಮಾರುವುದೂ ಇಲ್ಲ, ಇಡಿಯಾಗಿ ಕಸಕ್ಕೂ ಹಾಕುವುದಿಲ್ಲ. ಯಾರಾದರೂ ಎತ್ತಿಕೊಂಡು ಹೋಗಿ ಬಂಡೆಗೆ ಕಟ್ಟಿಯಾರು. ಹಾರ್ನೆಸ್ಸಿನ ಸೊಂಟದ ಪಟ್ಟಿಯನ್ನೇ ಕತ್ತರಿಸಿ ಎಸೆಯುತ್ತೇನೆ. ಹಗ್ಗವನ್ನು ಗಜದುದ್ದದ ತುಂಡುಗಳಾಗಿ ಕತ್ತರಿಸಿ, ತುದಿಗಳನ್ನು ಮೇಣದ ಬತ್ತಿಗೆ ಹಿಡಿದು ಸುಟ್ಟು, ಗಂಟು ಕಲಿಯುವ ಹುಡುಗರಿಗೆ ಕೊಡುತ್ತೇನೆ.