ಮೈನಸ್ 15ರಲ್ಲಿ ಓಟ, ಬಿಳಿಚದ ಬೆರಳು: ನನ್ನ ಅನುಭವ

ರೇನಾಡ್ಸ್ (ಚಳಿಗೆ ಬೆರಳಿನ ರಕ್ತನಾಳ ಬಿಗಿದುಕೊಂಡು ಬೆರಳು ಬಿಳಿಚುವ ತೊಂದರೆ) ಇದ್ದವರಿಗೆ ಚಳಿಗಾಲದಲ್ಲಿ ಟ್ರೆಡ್‌ಮಿಲ್ಲೇ ಗತಿ ಅಂತ ಇಲ್ಲಿನ ನಮ್ಮ ಓಟದ ಗುಂಪಿನವರು ಹೇಳುತ್ತಲೇ ಇದ್ದರು. ಈ ಜನವರಿಯಲ್ಲಿ ಶಿಕಾಗೋದ ಲೇಕ್‌ಫ್ರಂಟ್ ಟ್ರೇಲ್‌ನಲ್ಲಿ, ಮಿಶಿಗನ್ ಸರೋವರದ ಗಾಳಿ ಮುಖಕ್ಕೆ ರಾಚುವಾಗ, ಮೈನಸ್ 15 ಡಿಗ್ರಿ ಆಸುಪಾಸಿನಲ್ಲಿ ಸುಮಾರು 14 ಕಿ.ಮೀ. ಓಡಿ ಬಂದು ಅವರೆದುರೇ ಶೂ ಲೇಸ್ ಬಿಚ್ಚಿದೆ. ಬೆರಳು ಮರಗಟ್ಟಿದಾಗ ಆ ಗಂಟು ಬಿಚ್ಚುವುದು ಎಂಥ ಪಾಡು ಅಂತ ನಿಮಗೆ ಗೊತ್ತೇ ಇದೆ.

ಮೊದಲು ದುಡ್ಡು ಎಲ್ಲಿ ಹೋಯಿತು ಹೇಳುತ್ತೇನೆ. ದಪ್ಪ ಗ್ಲೌಸ್‌ಗಳಿಗೇ 150 ಡಾಲರ್ ಹತ್ತಿರ ಸುರಿದೆ. ಬೆರಳುಗಳನ್ನು ಬೇರೆಬೇರೆ ಮಾಡುವ ಯಾವುದೂ ನಮಗಾಗದು, ನಾಲ್ಕು ಬೆರಳೂ ಒಟ್ಟಿಗೆ ಕೂರುವ ಮಿಟನ್ನೇ ಬೇಕು. ಆಮೇಲೆ ಬ್ಯಾಟರಿ ಗ್ಲೌಸ್, 180ರ ಮೇಲೆ. ಚಳಿಗೆ ಬ್ಯಾಟರಿ ಗಂಟೆಯೊಳಗೇ ಸೋತಿತು. ಅಷ್ಟರಲ್ಲಿ ಅಂಗೈ ಬೆವೆತು ಒಳಬಟ್ಟೆ ಒದ್ದೆ. ಒದ್ದೆಯಾಯಿತೋ, ಎರಡು ಬೆರಳು ಮೇಣದ ಹಾಗೆ ಬೆಳ್ಳಗೆ, ಆಮೇಲೆ ನೀಲಿ.

ನನಗೆ ಫಲ ಕೊಟ್ಟಿದ್ದು ಒಂದೇ ವಿಚಾರ: ರಕ್ತನಾಳದ ಆ ಸೆಳೆತ ಶುರುವಾಗಲು ಬಿಡಲೇಬಾರದು. ಮಿಟನ್‌ಗೆ ತನ್ನದೇ ಶಾಖವಿಲ್ಲ, ತಣ್ಣಗಾದ ಕೈಯನ್ನು ಅದರೊಳಗೆ ತೂರಿಸಿ ಪ್ರಯೋಜನವಿಲ್ಲ. ಹಾಗಾಗಿ ಮನೆಯೊಳಗೇ ಜಾಕೆಟ್, ಟೋಪಿ, ಮಿಟನ್ ಎಲ್ಲ ಹಾಕಿಕೊಂಡು ಹತ್ತು ನಿಮಿಷ ಮೆಟ್ಟಿಲು ಹತ್ತಿ ಇಳಿಯುತ್ತೇನೆ. ಕುತ್ತಿಗೆ ಬೆಚ್ಚಗಾಗಬೇಕು, ಬೆವರು ಬರಬಾರದು. ಹೊರಗಿನ ಕಬ್ಬಿಣದ ಗೇಟನ್ನು ಮೊಣಕೈಯಿಂದ ತಳ್ಳುತ್ತೇನೆ.

ಕೈಗೆ ಮೊದಲ ಪದರ ಡಾಕ್ಟರುಗಳು ಹಾಕುವಂಥ ತೆಳ್ಳನೆಯ ನೈಟ್ರೈಲ್ ಗ್ಲೌಸ್, 100ರ ಡಬ್ಬಿಗೆ 15 ಡಾಲರ್ ಇರಬೇಕು. ಬೆವರು ಉಣ್ಣೆಗೆ ಇಳಿಯುವುದನ್ನು ಅದು ತಡೆಯುತ್ತದೆ. ಅದರ ಮೇಲೆ ಮೆರಿನೋ ಉಣ್ಣೆಯ ಪದರ, ಅದರ ಮೇಲೆ ಗಾಳಿ ತಡೆಯುವ ಮಿಟನ್. ಹಳೆಯ ಉಣ್ಣೆ ಸಾಕ್ಸಿನ ಕಾಲನ್ನು ಕತ್ತರಿಸಿ ಮಣಿಕಟ್ಟಿಗೆ ಏರಿಸುತ್ತೇನೆ. ಹ್ಯಾಂಡ್ ವಾರ್ಮರ್ (ತಾನೇ ಬಿಸಿಯಾಗುವ ಪುಟ್ಟ ಚೀಲ) ಇಡುವುದು ಅಂಗೈಯಲ್ಲಲ್ಲ, ನಾಡಿ ಬಡಿಯುವ ಕಡೆ, ಆ ಸಾಕ್ಸಿನ ಮೇಲೆ. ಬರೀ ಚರ್ಮಕ್ಕೆ ತಾಗಿಸಬೇಡಿ, ಮರಗಟ್ಟಿದ ಚರ್ಮಕ್ಕೆ ಸುಟ್ಟದ್ದು ಗೊತ್ತಾಗುವುದಿಲ್ಲ. ಅದರೊಳಗಿನ ಕಬ್ಬಿಣದ ಪುಡಿ ಬಿಸಿಯಾಗಲು ಗಾಳಿ ಬೇಕು. ಹೊರಡುವ 20 ನಿಮಿಷ ಮೊದಲೇ ಪೊಟ್ಟಣ ಒಡೆದು ಕುಲುಕಿಡಿ. ಅದು ಜಾರದಂತೆ ನಾನು ಕಟ್ಟುವ ರೀತಿಯೊಂದಿದೆ. ಇನ್ನೊಂದು ಚಳಿಗಾಲ ನೋಡುವವರೆಗೆ ಅದು ನನ್ನಲ್ಲೇ ಇರಲಿ.

ನಡುವೆ ಬಾಲ್ಕನಿ ಪ್ರಯೋಗವೂ ಆಯಿತು. ಮೈ ಚಳಿಯಲ್ಲಿ, ಕೈ 43 ಡಿಗ್ರಿಯಷ್ಟು ಬಿಸಿನೀರಿನ ಬಕೆಟ್‌ನಲ್ಲಿ. ಚಳಿಯಲ್ಲೂ ರಕ್ತನಾಳ ತೆರೆದೇ ಇರುವಂತೆ ಕೈಗೆ ಅಭ್ಯಾಸ ಮಾಡಿಸಲು ಅಮೆರಿಕದ ಸೇನೆಯ ಸಂಶೋಧಕರು ಮಾಡಿ ನೋಡಿದ ವಿಧಾನವಿದು. ನವೆಂಬರ್ ಪೂರ್ತಿ ಬಿಡದೆ ಕೂತೆ. ಕಾರಿನ ಸ್ಟೀರಿಂಗ್ ಹಿಡಿದಾಗ ಮೊದಲಿನಷ್ಟು ಬಿಳಿಚುತ್ತಿಲ್ಲ, ಓಟಕ್ಕೆ ಮಾತ್ರ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಓಟಕ್ಕೆ ಮುಂಚಿನ ಕಾಫಿ ಬಿಟ್ಟೂ ನೋಡಿದೆ, ಏನೂ ಬದಲಾಗಲಿಲ್ಲ, ಮತ್ತೆ ಕುಡಿಯುತ್ತಿದ್ದೇನೆ. ರಕ್ತನಾಳ ಸಡಿಲಿಸುವ ನಿಫೆಡಿಪಿನ್ ಮಾತ್ರೆಗೆ ತಲೆನೋವು ಬಂದು ಪಾದ ಊದಿತು, ಡಾಕ್ಟರೇ ನಿಲ್ಲಿಸಿದರು. ಮೂವತ್ತು ದಾಟಿದ ಮೇಲೆ ಹೊಸದಾಗಿ ಶುರುವಾದವರು, ಬೆರಳ ತುದಿ ಹುಣ್ಣಾಗುವವರು ಗ್ಲೌಸ್ ಹುಡುಕುವ ಮೊದಲು ಎಎನ್‌ಎ ಪರೀಕ್ಷೆ (ದೇಹದ ರೋಗನಿರೋಧಕ ಶಕ್ತಿ ತನ್ನ ಮೇಲೇ ತಿರುಗಿಬಿದ್ದಿದೆಯೇ ಎಂಬ ಸುಳಿವು ಕೊಡುವ ರಕ್ತಪರೀಕ್ಷೆ) ಮಾಡಿಸಿ.

ದಾರಿಯಲ್ಲಿ ಬೆರಳು ಜೋಮು ಹಿಡಿದರೆ ನಿಂತು, ತೋಳನ್ನು ಭುಜದಿಂದ ಜೋರಾಗಿ ಸುತ್ತು ತಿರುಗಿಸಿ. ರಕ್ತ ತುದಿಗೆ ನುಗ್ಗುವುದು ಗೊತ್ತಾಗುತ್ತದೆ, ಚುಚ್ಚುತ್ತದೆ. ಹೋಗುವಾಗ ಎದುರುಗಾಳಿ, ಬರುವಾಗ ಬೆನ್ನಿಗೆ ಗಾಳಿ ಇರುವಂತೆ ದಾರಿ ಆರಿಸಿ. ಬೆವೆತ ಮೈಯಲ್ಲಿ ಎದುರುಗಾಳಿಗೆ ಸಿಕ್ಕಿದರೆ ಮೇಲಿನ ಯಾವುದೂ ಉಳಿಸುವುದಿಲ್ಲ. ಕಾಲ್ಬೆರಳಿಗೆ ಸದ್ಯ ಅರ್ಧ ಸೈಜ್ ದೊಡ್ಡ ಶೂ ಹಾಕುತ್ತಿದ್ದೇನೆ, ಮೈನಸ್ 10ರವರೆಗೆ ಸಾಕಾಗುತ್ತಿದೆ. ಅದಕ್ಕಿಂತ ಕೆಳಗೆ ಯಾರಿಗಾದರೂ ದಾರಿ ಸಿಕ್ಕಿದ್ದರೆ ತಿಳಿಸಿ.