ವಾರಾಂತ್ಯದ ಬೆಂಗಳೂರು: ಮಧ್ಯಾಹ್ನ ಬಿಯರ್, ಸಂಜೆ ಊಟ

ಹುಬ್ಬಳ್ಳಿಯಿಂದಲೋ ಮಂಗಳೂರಿನಿಂದಲೋ ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ಮೆಜೆಸ್ಟಿಕ್‌ನಲ್ಲಿ ಇಳಿದವರ ಕೈಯಲ್ಲಿರುವುದು ಎರಡು ಹಗಲು, ಒಂದು ರಾತ್ರಿ. ಹೆಚ್ಚಿನವರು ಹಗಲಿಡೀ ಸುತ್ತಾಡಿ ರಾತ್ರಿ ಎಂಟಕ್ಕೆ ಬ್ರೂಪಬ್‌ಗೆ (ತನ್ನಲ್ಲೇ ಬಿಯರ್ ತಯಾರಿಸಿ ಮಾರುವ ಪಬ್) ಹೋಗುತ್ತಾರೆ. ಅಲ್ಲಿ ಕುಳಿತುಕೊಳ್ಳಲು ಜಾಗವಿರುವುದಿಲ್ಲ, ಮಾತು ಕೇಳಿಸುವುದಿಲ್ಲ, ಕುಡಿಯಬೇಕೆಂದುಕೊಂಡ ಬಿಯರ್ ಖಾಲಿಯಾಗಿರುತ್ತದೆ. ಈ ಕ್ರಮವನ್ನು ತಿರುವಿಹಾಕಿ. ಬಿಯರಿಗೆ ಶನಿವಾರ ಮಧ್ಯಾಹ್ನ 12ರಿಂದ 4, ರಾತ್ರಿ ಊಟಕ್ಕೆ ಬೇರೆ ಜಾಗ. ಮಧ್ಯಾಹ್ನ ಬಡಿಸುವವರಿಗೆ ಪುರುಸೊತ್ತು ಇರುತ್ತದೆ, ಕೇಳಿದ್ದಕ್ಕೆ ಉತ್ತರ ಸಿಗುತ್ತದೆ, ಅಡುಗೆಮನೆಯಿಂದ ತಿಂಡಿ ಬಿಸಿಬಿಸಿಯಾಗಿ ಬರುತ್ತದೆ. ರುಚಿ ನೋಡುವ ನಾಲಿಗೆಯೂ ಆಗ ದಣಿದಿರುವುದಿಲ್ಲ.

ಎರಡನೆಯದು, ಊರಿನ ಒಂದೇ ಭಾಗವನ್ನು ಆರಿಸಿಕೊಳ್ಳಿ. ಬ್ರೂಪಬ್‌ಗಳು ಇಂದಿರಾನಗರ, ಎಂ.ಜಿ. ರಸ್ತೆ, ವೈಟ್‌ಫೀಲ್ಡ್, ಹೆಣ್ಣೂರು, ಸರ್ಜಾಪುರ ರಸ್ತೆ, ಜೆ.ಪಿ. ನಗರ ಎಂದು ಚೆದುರಿಕೊಂಡಿವೆ. ಎರಡು ಮೂಲೆಗಳನ್ನು ಒಂದೇ ದಿನ ಜೋಡಿಸಲು ಹೋದರೆ ಅರ್ಧ ದಿನ ಟ್ರಾಫಿಕ್ಕಿಗೇ ಹೋಗುತ್ತದೆ. ಮೊದಲ ಸಲ ಬರುವವರಿಗೆ ನಮ್ಮ ಸಲಹೆ ನೇರಳೆ ಮಾರ್ಗದ ಮೆಟ್ರೊ. ಮೆಜೆಸ್ಟಿಕ್‌ನಲ್ಲಿ ಹತ್ತಿದರೆ ಎಂ.ಜಿ. ರಸ್ತೆ, ಟ್ರಿನಿಟಿ, ಇಂದಿರಾನಗರ ಒಂದೇ ಸಾಲಿನಲ್ಲಿ ಸಿಗುತ್ತವೆ. 2010ರಲ್ಲಿ ಶುರುವಾದ ಟಾಯ್ಟ್ ಇಂದಿರಾನಗರದ 100 ಅಡಿ ರಸ್ತೆಯಲ್ಲಿದೆ, ನಿಲ್ದಾಣದಿಂದ ನಡೆದೇ ಹೋಗಬಹುದು. ಮೂಲದಲ್ಲಿ ಅಮೆರಿಕದ ಮಿಶಿಗನ್‌ನ ಆರ್ಬರ್ ಬ್ರೂಯಿಂಗ್ ಕಂಪನಿ 2012ರಲ್ಲಿ ಮ್ಯಾಗ್ರಾತ್ ರಸ್ತೆಗೆ ಬಂತು. ಅದಕ್ಕೆ ಎಂ.ಜಿ. ರಸ್ತೆಯಲ್ಲಿ ಇಳಿಯಿರಿ. ಅದೇ ವರ್ಷ ತೆರೆದ ವೈಟ್‌ಫೀಲ್ಡಿನ ವಿಂಡ್‌ಮಿಲ್ಸ್ ಲೈವ್ ಜಾಝ್‌ಗೂ ಹೆಸರಾದದ್ದು. ಮಾರ್ಗ ವೈಟ್‌ಫೀಲ್ಡ್‌ವರೆಗೂ ಇರುವುದರಿಂದ ಈಗ ತಲುಪುವುದು ಸುಲಭ, ಆದರೆ ಅದಕ್ಕೆ ಒಂದು ಇಡೀ ಮಧ್ಯಾಹ್ನ ಬೇಕು. ಹೆಣ್ಣೂರಿನ ಬಿಗ್ ಬ್ರೂಸ್ಕಿ (Byg Brewski) ವಿಶಾಲವಾಗಿದೆ, ದೊಡ್ಡ ಗುಂಪಿಗೆ ಚೆನ್ನ. ಆದರೆ ಮೆಟ್ರೊದಿಂದ ದೂರ, ಹೋಗಿಬರಲು ಕ್ಯಾಬ್ ಆಗಬೇಕು.

ಒಂದು ಮಧ್ಯಾಹ್ನಕ್ಕೆ ಒಂದೇ ಜಾಗ ಸಾಕು. ಹಟ ಹಿಡಿದು ಎರಡಕ್ಕೆ ಹೋಗುವುದಾದರೆ ಎರಡನೆಯ ಕಡೆ ಒಂದೇ ಗ್ಲಾಸ್.

ಗ್ಲಾಸಿನಲ್ಲಿ ಏನು ನೋಡಬೇಕು

ಕುಳಿತ ತಕ್ಷಣ ದೊಡ್ಡ ಗ್ಲಾಸ್ ಹೇಳಬೇಡಿ. ಸ್ಯಾಂಪ್ಲರ್ ಕೇಳಿ: ನಾಲ್ಕರಿಂದ ಆರು ಪುಟ್ಟ ಗ್ಲಾಸ್‌ಗಳು, ಒಂದೊಂದೂ ಸುಮಾರು 100 ಮಿಲಿ. ತಂದಿಟ್ಟ ಮೇಲೆ ಹಗುರದಿಂದ ಗಾಢಕ್ಕೆ ಸಾಗಿ. ಮೊದಲು ಲಾಗರ್ ಅಥವಾ ಬ್ಲಾಂಡ್, ಆಮೇಲೆ ಗೋಧಿಯ ಬಿಯರ್‌ಗಳು (ಬೆಲ್ಜಿಯನ್ ವಿಟ್, ಹೆಫೆವೈಜನ್), ಅನಂತರ ಪೇಲ್ ಏಲ್, ಐಪಿಎ (ಇಂಡಿಯಾ ಪೇಲ್ ಏಲ್, ಕಹಿ ಹೆಚ್ಚು), ಕೊನೆಗೆ ಕಪ್ಪು ಬಣ್ಣದ ಸ್ಟೌಟ್. ಐಪಿಎಯಿಂದ ಶುರು ಮಾಡಿದರೆ ಹಾಪ್ಸ್‌ನ (ಬಿಯರಿಗೆ ಕಹಿ, ಪರಿಮಳ ಕೊಡುವ ಹೂವು) ಕಹಿ ನಾಲಿಗೆಗೆ ಅಂಟಿ, ಮುಂದೆ ಕುಡಿದ ವಿಟ್ ಬರೀ ನೀರೆನಿಸುತ್ತದೆ. ನಡುನಡುವೆ ನೀರು ಗುಟುಕರಿಸಿ. ಮಸಾಲೆ ಕಡಲೆಬೀಜವನ್ನು ರುಚಿ ನೋಡಿ ಮುಗಿಯುವ ತನಕ ದೂರವಿಡಿ.

ಯಾವುದರಲ್ಲಿ ಏನಿರಬೇಕು ಎಂಬುದು ಗೊತ್ತಿದ್ದರೆ ಅರ್ಧ ಕೆಲಸ ಆದಂತೆ. ಹೆಫೆವೈಜನ್ ಮಬ್ಬಾಗಿರಬೇಕು, ಬಾಳೆಹಣ್ಣು ಮತ್ತು ಲವಂಗದ ಪರಿಮಳ ಬರಬೇಕು. ಆ ಎರಡೂ ಹೊರಗಿನಿಂದ ಹಾಕಿದ್ದಲ್ಲ, ಬಿಯರನ್ನು ಹುದುಗಿಸುವಾಗ ಯೀಸ್ಟ್ ತಾನೇ ಹುಟ್ಟಿಸುವಂಥವು. ಬೆಲ್ಜಿಯನ್ ವಿಟ್‌ಗೆ ಕೊತ್ತಂಬರಿ ಬೀಜ, ಕಿತ್ತಳೆ ಸಿಪ್ಪೆ ಹಾಕುತ್ತಾರೆ. ಟಾಯ್ಟ್‌ನ ಟಿನ್‌ಟಿನ್ ಈ ಬಗೆಯದು. ಅಲ್ಲಿನ ಬಾಸ್ಮತಿ ಬ್ಲಾಂಡ್‌ನಲ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ಅಕ್ಕಿಯೂ ಇರುವುದರಿಂದ ಮೈ ಹಗುರ, ಮೊದಲ ಸಲ ಕ್ರಾಫ್ಟ್ ಬಿಯರ್ ಕುಡಿಯುವವರಿಗೆ ಒಳ್ಳೆಯ ಬಾಗಿಲು. ಆರ್ಬರ್‌ನ ರೇಜಿಂಗ್ ಎಲಿಫೆಂಟ್ ಐಪಿಎ, ಕಹಿ ಇಷ್ಟಪಡುವವರಿಗೆ. ಸ್ಟೌಟ್‌ನ ಬಣ್ಣ ಕಪ್ಪಾದರೂ ಅದು ಹೆಚ್ಚು ಮದ್ಯವಿರುವ ಗುರುತಲ್ಲ. ಬಣ್ಣ ಚೆನ್ನಾಗಿ ಹುರಿದ ಬಾರ್ಲಿಯಿಂದ ಬಂದದ್ದು, ಕಾಫಿಯ ಕಂಪೂ ಅದರಿಂದಲೇ.

ಹೊಸ ಬ್ರೂಪಬ್ ಒಂದನ್ನು ಅಳೆಯಬೇಕಾದರೆ ನಾವು ಮೊದಲು ನೋಡುವುದು ಅಲ್ಲಿನ ಲಾಗರ್. ಏಲ್ (ಲಾಗರ್ ಬಿಟ್ಟು ಮೇಲೆ ಹೇಳಿದ ಉಳಿದ ಬಗೆಗಳೆಲ್ಲ) ಎರಡು ಮೂರು ವಾರದಲ್ಲಿ ತಯಾರಾಗುತ್ತದೆ. ಲಾಗರ್ ತಣ್ಣಗಿನ ಟ್ಯಾಂಕಿನಲ್ಲಿ ನಾಲ್ಕಾರು ವಾರ ಮಲಗಬೇಕು, ಅಷ್ಟು ದಿನ ಆ ಟ್ಯಾಂಕಿನಲ್ಲಿ ಬೇರೇನನ್ನೂ ಮಾಡುವಂತಿಲ್ಲ. ಲಾಗರ್‌ನಲ್ಲಿ ತಪ್ಪು ಮುಚ್ಚಲು ಹಣ್ಣಿಲ್ಲ, ಮಸಾಲೆಯಿಲ್ಲ, ಹಾಪ್ಸ್‌ನ ಅಬ್ಬರವೂ ಇಲ್ಲ. ಅದು ಸ್ವಚ್ಛವಾಗಿದ್ದರೆ ಉಳಿದವನ್ನು ನಂಬಿ ಕುಡಿಯಬಹುದು.

ಕೆಟ್ಟ ಬಿಯರ್ ಮೂಗಿಗೇ ಗೊತ್ತಾಗುತ್ತದೆ. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಬಂದರೆ ಅದು ಡೈಅಸಿಟೈಲ್ ಎಂಬ ರಾಸಾಯನಿಕದ್ದು: ಯೀಸ್ಟ್ ಕೆಲಸ ಮುಗಿಸುವ ಮೊದಲೇ ಬಿಯರನ್ನು ತಣ್ಣಗೆ ಮಾಡಿದ್ದಾರೆ, ಇಲ್ಲವೇ ಪೈಪು ಕೊಳೆಯಾಗಿದೆ. ಹಸಿರು ಸೇಬಿನ ವಾಸನೆ ಬಲಿಯದ ಬಿಯರಿನದು. ವಾರಾಂತ್ಯದ ಗಿರಾಕಿಗೆಂದು ಅವಸರದಲ್ಲಿ ಟ್ಯಾಪ್‌ಗೆ (ಬಿಯರ್ ಸುರಿಯುವ ನಲ್ಲಿ) ಏರಿಸಿದಾಗ ಹೀಗಾಗುತ್ತದೆ. ಬೇಯಿಸಿದ ಜೋಳ ಅಥವಾ ಕೋಸಿನ ವಾಸನೆಯಿದ್ದರೆ ಮಾಲ್ಟ್ ರಸವನ್ನು ಸಾಕಷ್ಟು ಕುದಿಸಿಲ್ಲ. ವಿನೆಗರ್‌ನಂಥ ಹುಳಿ ಬಂದರೆ ಟ್ಯಾಪ್ ಅಥವಾ ಪೈಪಿನಲ್ಲಿ ಬ್ಯಾಕ್ಟೀರಿಯಾ ಸೇರಿರುವ ಸಂಭವ ಹೆಚ್ಚು. ಒದ್ದೆ ರಟ್ಟಿನ ವಾಸನೆ ಎಂದರೆ ಗಾಳಿ ತಾಗಿ ಹಳಸಿದೆ. ಒಂದು ಗುಟುಕು ಕುಡಿದ ಕೂಡಲೇ ಹೇಳಿ, ಅರ್ಧ ಗ್ಲಾಸ್ ಮುಗಿಸಿ ಹೇಳಬೇಡಿ. “ಇದರಲ್ಲಿ ಬೆಣ್ಣೆ ವಾಸನೆ ಬರ್ತಿದೆ, ಬೇರೆ ಕೊಡ್ತೀರಾ?” ಎಂದು ಸಮಾಧಾನದಿಂದ ಕೇಳಿದರೆ ಒಳ್ಳೆಯ ಜಾಗದಲ್ಲಿ ಬದಲಾಯಿಸಿಕೊಡುತ್ತಾರೆ.

ಗ್ಲಾಸನ್ನೂ ಗಮನಿಸಿ. ಒಳಗೋಡೆಗೆ ಗುಳ್ಳೆಗಳು ಗುಂಪಾಗಿ ಅಂಟಿಕೊಂಡಿದ್ದರೆ, ನೊರೆ ಅರೆ ನಿಮಿಷದಲ್ಲೇ ಕುಸಿದರೆ, ಗ್ಲಾಸಿನಲ್ಲಿ ಎಣ್ಣೆಯೋ ಸೋಪೋ ಉಳಿದಿದೆ. ಸ್ವಚ್ಛ ಗ್ಲಾಸಿನಲ್ಲಿ ಪ್ರತಿ ಗುಟುಕಿಗೂ ನೊರೆಯ ಒಂದೊಂದು ಬಳೆ ಉಳಿಯುತ್ತದೆ. ಮಂಜು ಹಿಡಿದ ಗ್ಲಾಸ್ ಬೇಡ ಎನ್ನಿ, ಅತಿ ತಣ್ಣಗಾದರೆ ಪರಿಮಳ ಮುಚ್ಚಿಹೋಗುತ್ತದೆ. ಸ್ಟೌಟ್ ಬಂದ ಮೇಲೆ ಹತ್ತು ನಿಮಿಷ ಹಾಗೇ ಬಿಡಿ. 10ರಿಂದ 13 ಡಿಗ್ರಿಗೆ ಬಂದಾಗ ಅದರ ರುಚಿ ಬಿಚ್ಚಿಕೊಳ್ಳುತ್ತದೆ.

ಕೇಳಬೇಕಾದ ಪ್ರಶ್ನೆ “ಯಾವುದು ಚೆನ್ನಾಗಿದೆ?” ಎಂದಲ್ಲ. ಅದಕ್ಕೆ ಎಲ್ಲರಿಗೂ ಒಂದೇ ಉತ್ತರ ಸಿಗುತ್ತದೆ. “ಈ ವಾರ ಟ್ಯಾಪ್‌ಗೆ ಹೊಸದಾಗಿ ಬಂದದ್ದು ಯಾವುದು?” ಎಂದು ಕೇಳಿ. ಗೋಧಿ ಬಿಯರ್, ಐಪಿಎ ಎರಡೂ ತಾಜಾ ಇದ್ದಷ್ಟು ಚೆನ್ನ.

ಜೊತೆಗೆ ಏನು ತಿನ್ನಬೇಕು

ಖಾರಕ್ಕೂ ಐಪಿಎಗೂ ಆಗಿಬರುವುದಿಲ್ಲ. ಕಹಿಯೂ ಮದ್ಯವೂ ಮೆಣಸಿನಕಾಯಿಯ ಉರಿಯನ್ನು ಹೆಚ್ಚಿಸುತ್ತವೆ. ಆಂಧ್ರ ಚಿಲ್ಲಿ ಚಿಕನ್, ತುಪ್ಪದಲ್ಲಿ ಹುರಿದ ಘೀ ರೋಸ್ಟ್ ಹೇಳುವುದಾದರೆ ಹೆಫೆವೈಜನ್ ಅಥವಾ ವಿಟ್ ತೆಗೆದುಕೊಳ್ಳಿ, ಅವುಗಳ ನವಿರು ಸಿಹಿ ಉರಿಯನ್ನು ತಣಿಸುತ್ತದೆ. ಮೀನು ಫ್ರೈಗೆ ಲಾಗರ್. ಐಪಿಎ ಜೊತೆ ಚೀಸ್, ಬರ್ಗರ್, ಎಣ್ಣೆಯಲ್ಲಿ ಕರಿದ ಆಲೂ ಹೊಂದುತ್ತವೆ. ಸ್ಟೌಟ್ ಜೊತೆ ಚಾಕೊಲೇಟ್ ಸಿಹಿ ಅಥವಾ ಸುಟ್ಟ ಮಾಂಸ. ಬ್ರೂಪಬ್‌ನಲ್ಲಿ ಹಸಿವು ತಣಿಯುವಷ್ಟು ಮಾತ್ರ ತಿನ್ನಿ. ಬೆಂಗಳೂರಿನ ಒಳ್ಳೆಯ ಊಟ ಬೇರೆ ಕಡೆ ಇದೆ.

ಶನಿವಾರ ಬೆಳಗಿನ ತಿಂಡಿಗೆ ಹಸಿರು ಮಾರ್ಗದ ನ್ಯಾಷನಲ್ ಕಾಲೇಜು ನಿಲ್ದಾಣದಲ್ಲಿ ಇಳಿದು ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್‌ಗೆ ನಡೆಯಿರಿ. ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್, ಕಾಫಿ, ಜೊತೆಗೆ ಕೇಳಿದಷ್ಟು ಚಟ್ನಿ. ಭಾನುವಾರ ಅಲ್ಲಿ ರಜೆ, ಅದಕ್ಕೇ ಶನಿವಾರ. ಭಾನುವಾರಕ್ಕೆ ಗಾಂಧಿ ಬಜಾರಿನ ವಿದ್ಯಾರ್ಥಿ ಭವನ (1943ರಿಂದ ಇದೆ, ಶುಕ್ರವಾರ ರಜೆ) ಅಥವಾ ಲಾಲ್‌ಬಾಗ್ ರಸ್ತೆಯ ಎಂಟಿಆರ್ (1924, ಸೋಮವಾರ ರಜೆ). ಎರಡೂ ಕಡೆ ವಾರಾಂತ್ಯದಲ್ಲಿ ಎಂಟರ ಮೇಲೆ ಹೋದರೆ ಬಹಳ ಹೊತ್ತು ಕಾಯಬೇಕು. ಭಾನುವಾರ ಮೆಟ್ರೊ ಶುರುವಾಗುವುದೇ 7 ಗಂಟೆಗೆ, ಆದ್ದರಿಂದ ಮೊದಲ ರೈಲನ್ನೇ ಹಿಡಿಯಿರಿ ಇಲ್ಲವೇ ಆಟೊ ಮಾಡಿ. ಮಲ್ಲೇಶ್ವರದ ಕಡೆ ಉಳಿದುಕೊಂಡವರಿಗೆ ಸಿಟಿಆರ್‌ನ ಬೆಣ್ಣೆ ಮಸಾಲೆ ದೋಸೆ ಇದೆ, ಬಸವನಗುಡಿವರೆಗೆ ಹೋಗಬೇಕಿಲ್ಲ. ಈ ಹಳೆಯ ಹೋಟೆಲುಗಳಲ್ಲಿ ಹಲವು ಮಧ್ಯಾಹ್ನ ಕೆಲಹೊತ್ತು ಬಾಗಿಲು ಹಾಕುತ್ತವೆ.

ಆರ್ಬರ್‌ಗೆ ಹೋದವರಿಗೆ ಸಂಜೆಗೆ ರೆಸಿಡೆನ್ಸಿ ರಸ್ತೆಯ ನಾಗಾರ್ಜುನ ಹತ್ತಿರ: ಬಾಳೆಲೆ, ಪಪ್ಪು (ಆಂಧ್ರದ ತೊವ್ವೆ), ಪುಡಿ, ತುಪ್ಪ. ಅಲ್ಲಿಯೂ ಸಾಲು ಇರುತ್ತದೆ, ಏಳಕ್ಕೇ ಹೋಗಿ. ಮಾಂಸದೂಟದ ಆಸೆಯಿದ್ದರೆ ಭಾನುವಾರ ಮಧ್ಯಾಹ್ನ ಜಯನಗರದ ಶಿವಾಜಿ ಮಿಲಿಟರಿ ಹೋಟೆಲಿನ ದೊನ್ನೆ ಬಿರಿಯಾನಿ. ಮಿಲಿಟರಿ ಹೋಟೆಲುಗಳಲ್ಲಿ ಮಾಡಿದ್ದು ಮುಗಿದರೆ ಮುಗಿಯಿತು, ಮತ್ತೆ ಒಲೆ ಹಚ್ಚುವುದಿಲ್ಲ. 12 ಗಂಟೆಗೇ ಅಲ್ಲಿರಬೇಕು, ಎರಡರ ಮೇಲೆ ಹೋದರೆ ಬೇಕಾದದ್ದು ಸಿಗದೆ ಹೋಗಬಹುದು.

ಲೆಕ್ಕ

ಮೆನುವಿನಲ್ಲಿ ಬೆಲೆಯ ಜೊತೆ ಅಳತೆಯನ್ನೂ ಓದಿ. ಕೆಲವೆಡೆ ಗ್ಲಾಸ್ ಎಂದರೆ 330 ಮಿಲಿ, ಕೆಲವೆಡೆ 500. 330ಕ್ಕೆ 375 ರೂಪಾಯಿ ಎಂದರೆ 100 ಮಿಲಿಗೆ ಸುಮಾರು 114. 500ಕ್ಕೆ 475 ಎಂದರೆ 95. ಪಿಚರ್ (ಹಲವು ಗ್ಲಾಸ್ ಹಿಡಿಸುವ ಜಗ್) ಅಗ್ಗವೆನಿಸಿದರೂ ನಾಲ್ಕು ಜನ ಇಲ್ಲದಿದ್ದರೆ ಬೇಡ, ಕೊನೆಯ ಗ್ಲಾಸ್ ಬರುವ ಹೊತ್ತಿಗೆ ಬಿಸಿಯಾಗಿ ಗ್ಯಾಸ್ ಹೋಗಿರುತ್ತದೆ. ಬಿಲ್ಲಿನಲ್ಲಿ ಜಿಎಸ್‌ಟಿ ಊಟಕ್ಕೆ ಮಾತ್ರ, ಮದ್ಯಕ್ಕೆ ಜಿಎಸ್‌ಟಿ ಇಲ್ಲ. ಸರ್ವಿಸ್ ಚಾರ್ಜ್ ಕಡ್ಡಾಯವಲ್ಲ, ಬೇಡವೆಂದರೆ ತೆಗೆಸಬಹುದು.

ಮದ್ಯದ ಲೆಕ್ಕವೂ ಇರಲಿ. ಶೇ 5ರ ಬಿಯರ್ 500 ಮಿಲಿ ಕುಡಿದರೆ 30 ಮಿಲಿಯ ಎರಡು ವಿಸ್ಕಿ ಪೆಗ್ಗಿನಷ್ಟು ಆಲ್ಕೊಹಾಲ್ ಒಳಗೆ ಹೋಗುತ್ತದೆ, ಶೇ 8ರದ್ದಾದರೆ ಮೂರಕ್ಕಿಂತ ಹೆಚ್ಚು. ಗಾಡಿ ಓಡಿಸುವವರ ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ದಾಟಿದರೆ ಅಪರಾಧ, ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಎರಡೂ ಆಗಬಹುದು. ಊರಿನಿಂದ ಕಾರು ತಂದಿದ್ದರೆ ಲಾಡ್ಜಿನಲ್ಲೇ ಬಿಡಿ. ಕೊನೆಯ ಮೆಟ್ರೊ ರಾತ್ರಿ 11ರ ಸುಮಾರಿಗೆ, ಆಮೇಲೆ ಆಟೊದವರು ಹೇಳಿದ್ದೇ ರೇಟು.

ಟಿಕೆಟ್ ಬುಕ್ ಮಾಡುವ ಮೊದಲು ಕ್ಯಾಲೆಂಡರ್ ನೋಡಿ. ಅಕ್ಟೋಬರ್ 2 ಗಾಂಧಿ ಜಯಂತಿ, ಮದ್ಯ ಸಿಗುವುದಿಲ್ಲ. ಚುನಾವಣೆಯಿದ್ದರೆ ಮತದಾನ ಮುಗಿಯುವ ಗಂಟೆಗೆ 48 ಗಂಟೆ ಮುಂಚಿನಿಂದಲೇ ಬಂದ್. ಗುಂಪಿನಲ್ಲಿ ಎಳೆಯ ಮುಖದವರಿದ್ದರೆ ಹುಟ್ಟಿದ ದಿನಾಂಕವಿರುವ ಗುರುತಿನ ಚೀಟಿ ಜೇಬಿನಲ್ಲಿರಲಿ. ಬಾಗಿಲಲ್ಲಿ 21 ತುಂಬಿದೆಯೇ ಎಂದು ಕೇಳುತ್ತಾರೆ.